ಐದನೇ ಚೀಲ

…ಇಲ್ಲ ಕಾಕಾ, ಮೊದಲ ಒಗಟ ಬಿಡಸು, ಆಮ್ಯಾಲ ಗ್ವಾಡಿ ಕಡೆ ಮುಖ ತಿರುಗಸು. ಒಬ್ಬಾವ ಬೀಳತಾನ, ಅವಗ ನೋವಿಲ್ಲ. ಎತ್ತಾಕ ಬಂದವರೆಲ್ಲಾ ಕಣ್ಣೀರ ಹಾಕತಾರ, ಅವರಿಗೆ ದುಃಖ ಇಲ್ಲ. ಏನದು?

ಹೇಳು. ನಾಲಿಗಿ ಇನ್ನೂ ನೆಟ್ಟಗ ಐತಿ ನಿಂದು. ಮೊನ್ನೆ ಚಹಾಕ್ಕ ಸಕ್ರಿ ಕಡಿಮ್ಯಾತು ಅಂತ ಜಯವ್ವ ಚಿಗವ್ವಗ ಓಣಿಗೆ ಕೇಳುವಂಗ ಬೈದಾವ, ನಿನ್ನೆ ಬಿದ್ದಾಗಿಂದ ಬಾಯಿಗೆ ಬೀಗ ಹಾಕೀದಿ.

ಸೋತಿ? ಅದು ನೀನ. ಬ್ಯಾಡಗಿ ಮಾರ್ಕೆಟ್ಟಿನಾಗ ಇಪ್ಪತ್ತು ವರ್ಷ ಮೆಣಸಿನಕಾಯಿ ಚೀಲ ಹೊತ್ತ ಹಮಾಲ ಮಲ್ಲೇಶಪ್ಪ. ಇಷ್ಟು ದಿನ ಚೀಲ ನಿನ್ನ ಮ್ಯಾಲ ಕುಂತಿದ್ವು, ಈಗ ನೀ ಚೀಲದ ಮ್ಯಾಲ ಬೀಳತಿ. ನ್ಯಾಯ ಐತಿ.

ತುಟಿ ಅಲಗ್ಯಾಡ್ತು. ನಕ್ಕಿ ನೀ. ಇಲ್ಲ? ಸರಿ, ನೊಣ ಕುಂತಿತ್ತು ಬಿಡು.

ಹುಬ್ಬಳ್ಳಿ ಡಾಕ್ಟರು, ಇದು ಮೋಟರ್ ನ್ಯೂರಾನ್ ಬ್ಯಾನಿ, ಕೈಕಾಲಿಗೆ ಸುದ್ದಿ ಮುಟ್ಟಸೋ ನರ ಒಣಗಾಕತ್ತಾವ ಅಂದಾಗ, ‘ಮೋಟರ್ ಸುಟ್ಟರ ರಾಣೆಬೆನ್ನೂರಾಗ ರಿವೈಂಡಿಂಗ್ ಮಾಡ್ತಾರ್ರಿ ಸರ್’ ಅಂದಿದ್ದೆ ನಾನು. ಅವರು ನಗಲಿಲ್ಲ. ನೀ ನಕ್ಕಿದ್ದಿ, ಕೆಮ್ಮು ಬರೋತನಾ. ಒಂಬತ್ತನೇ ಕ್ಲಾಸ್ ಫೇಲಾದ ನನ್ನ ತಲಿ, ಅವತ್ತರ ಕೆಲಸಕ್ಕ ಬಂತು.

ನೀ ಎರಡನೇ ಸಲ ಬಿದ್ದು ಹಣಿ ಒಡಕೊಂಡಾಗ ಉಪಾಯ ಹುಡುಕಿದಾವ ಯಾರು? ಈ ಕನಕರಾಜ. ಮಾರ್ಕೆಟ್ಟಿನಾಗ ಹೆಣ್ಮಕ್ಕಳು ಮೆಣಸಿನಕಾಯಿ ತೊಟ್ಟು ಮುರದು ಗುಡ್ಡಿ ಹಾಕಿರತಾರಲ್ಲ, ಆ ತೊಟ್ಟನ್ನ ಐದು ಚೀಲ ತುಂಬಿ ಮಂಚದಿಂದ ಹೊಸ್ತಿಲತನಾ ಗ್ವಾಡಿಗುಂಟ ಇಟ್ಟೆ. ಬೀಳೂದಿದ್ರ ಮೆತ್ತಗ ಬೀಳ್ಳಿ ಅಂತ. ಘಾಟಿನ ವಿಚಾರ ಹೊಳೀಲಿಲ್ಲ, ಒಪ್ಪಿಕೊಂಡೆ. ನೀ ಮೂರನೇ ಚೀಲದ ಮ್ಯಾಲ ಬಿದ್ದಿ, ಚೀಲ ಭುಸ್ ಅಂತು. ಎತ್ತಾಕ ಬಂದ ನಿನ್ನ ಜೋಡಿ ಹಮಾಲ ಮಲ್ಲಿಕಸಾಬ ಹನ್ನೊಂದು ಸಲ ಸೀನಿ ನಿನ್ನ ಕೈ ಬಿಟ್ಟ. ಚಿಗವ್ವ ಸೀನಿದ್ಲು, ಕಟ್ಟಿದ ಆಕಳ ಸೀನ್ತು. ನೀ ಚೀಲದ ಮ್ಯಾಲ ಅಡ್ಡಾಗಿ ನಗಾಕತ್ತಿದ್ದಿ.

ನನ್ನ ಬೆನ್ನ ಮ್ಯಾಲಿನ ಚಾಪಿ ಗುರುತು ಯಾಕ ನೋಡ್ತಿ? ಚಾಪಿ ಮ್ಯಾಲ ಮಲಗಿದ್ರ ಎತ್ತರ ಬೆಳೀತಾರಂತ, ಅದಕ್ಕ.

ನಿನ್ನೇನೂ ಅದ ಆತು. ಹೊಸ್ತಿಲ ಹತ್ರ ಐದನೇ ಚೀಲದ ಮ್ಯಾಲ ಬಿದ್ದಿ. ಚಿಗವ್ವ ಸೆರಗು ಮುಖಕ್ಕ ಒತ್ತಿಕೊಂಡ್ಲು, ಘಾಟಿಗೆ. ಮಲ್ಲಿಕಸಾಬ ಗ್ವಾಡಿ ಕಡೆ ತಿರುಗಿದ, ಅದೂ ಘಾಟಿಗೆ. ನಾ ಹಿತ್ತಲಕ್ಕ ಓಡಿದ್ದು ಸೀನಾಕ. ಆಮ್ಯಾಲ ಎಲ್ಲಾರೂ ನಕ್ಕಿವಿ, ನೀ ಕಣ್ಣು ಮುಚ್ಚಿದ್ದಿ, ಕಾಣಲಿಲ್ಲ. ಅಷ್ಟಕ್ಕ, ಇನ್ನ ಏಳಂಗಿಲ್ಲ, ಯಾರನ್ನೂ ಅಳಸಂಗಿಲ್ಲ ಅಂತ ಮಂಚ ಹಿಡದ್ರ ಹೆಂಗ? ಒಮ್ಮೆ ನಡೆಯೂದು ಬಿಟ್ಟ ಕಾಲು ಮತ್ತ ಮಾತು ಕೇಳಂಗಿಲ್ಲ ಅಂತ ಡಾಕ್ಟರ ಅಂದಾರ. ಏಳು. ಹೊಸ್ತಿಲತನಾ ಐದು ಚೀಲ, ಅಷ್ಟ.

ಏನ ಮೂಸಾಕತ್ತಿ? ಬೆನ್ನಿಗೆ ಕೊಟ್ಟದ್ದು ಯಾವ ಚೀಲ ಅದು… ಐದನೇದಾ? ಚಿಗವ್ವ ಇಟ್ಲೇನು? ನಿನ್ನೆ ಸಂಜಿಯಿಂದ ಅದಕ್ಕ ಒರಗೀಯೇನು ನೀ?

ಒಂದ ಸೀನೂ ಬಂದಿಲ್ಲ ನಿನಗ.

ಹೊಲಿಗಿ ಜಗ್ಗಬ್ಯಾಡ ಕಾಕಾ. ಆಡೂದು ಎರಡ ಬೆರಳು, ಅವನ್ನ ಇದಕ್ಕ ಬಳಸಬೇಕಾ… ಹೂಂ. ಹತ್ತಿ. ನನ್ನ ಗಾದೀದು. ನಿನ್ನ ಕೆಮ್ಮಿಗೆ ಹೆದರಿ ಹೋದ ವಾರನ ಐದೂ ಚೀಲ ಬದಲಿ ಮಾಡೇನಿ. ನಿನ್ನೆ ಇಡೀ ಮನ್ಯಾಗ ಒಂದ ತೊಟ್ಟೂ ಇರಲಿಲ್ಲ.

ಬೈ ಒಮ್ಮೆ.

ಯಾರೂ ಸೀನಲಿಲ್ಲ. ನಾನೂ ಹಿತ್ತಲದಾಗ ಸೀನಲಿಲ್ಲ. ಅಳೋರು ಅಳತಾರ, ಅದಕ್ಕ ನೀ ಯಾಕ ಕುಂದರಬೇಕು? ಕೈ ಕೊಡು… ಹಾಂ, ಹಂಗ, ಭಾರ ನನ್ನ ಹೆಗಲಿಗೆ ಬಿಡು. ಆ ಒಗಟ ಐತಲ್ಲ, ಬೀಳೂದು ಖರೇ, ಕಣ್ಣೀರೂ ಖರೇ. ಅವರಿಗೆ ದುಃಖ ಇಲ್ಲ ಅನ್ನೋ ಕಡೀ ಮಾತಷ್ಟ ನಾ ಕಟ್ಟಿದ್ದು.