ಕೊನೆಯ ಎರಡು ರೀಲು

ಅಲ್ಲವೇ ಅಲ್ಲ! ಅದು ಮೊನ್ನೆಯ ಪಿಕ್ಚರ್. ನಿನ್ನೆ ಬೆಳಿಗ್ಗೆ ನೋಡಿದ್ದು ಅವಳಿ ಅಣ್ಣತಮ್ಮಂದಿರದ್ದು. ಒಬ್ಬನೇ ಮನುಷ್ಯ ಎರಡು ಪಾರ್ಟು... ಒಬ್ಬನಿಗೆ ಮೀಸೆ ಉಂಟು, ಇನ್ನೊಬ್ಬನಿಗೆ ಇಲ್ಲ. ಅಷ್ಟಕ್ಕೇ ಹೆತ್ತ ತಾಯಿಗೆ ಮಗನ ಗುರುತು ಸಿಗುವುದಿಲ್ಲವಂತೆ! ಮೀಸೆಯ ಒಂದು ತುದಿ ಎದ್ದು ಬಂದದ್ದು ನನಗೆ ಚಾಪೆಯಲ್ಲಿ ಕೂತೇ ಕಾಣುತ್ತದೆ, ಆ ತಾಯಿಗೆ ಕಾಣುವುದಿಲ್ಲ. ಎಂತಹ ಪಿಕ್ಚರ್ ಮಾರಾಯ್ತಿ!

ಯಾಕೆ ನಗುತ್ತಿ? ನಗು, ನಗು ಅಣ್ಣನನ್ನು ನೋಡಿ. ಮೂವತ್ತು ವರ್ಷ ಪ್ರೊಜೆಕ್ಟರ್ ಓಡಿಸಿದವನು ನಾನು. ಪಿಕ್ಚರ್ ವಿಷಯದಲ್ಲಿ ಈ ವಿಠಲನಿಗೆ ಹೇಳಿಕೊಡುವವರು ಕಾರ್ಕಳದಲ್ಲಿ ಇನ್ನೂ ಹುಟ್ಟಲಿಲ್ಲ. ಪಕ್ಕದ ಮನೆಯ ಮೂಸಾ ದುಬೈಯಿಂದ ಆ ವಿಡಿಯೋ ಪೆಟ್ಟಿಗೆ ತಂದ ಮೇಲೆ ಈ ಓಣಿಯಲ್ಲಿ ಎಲ್ಲರೂ ಸಿನೆಮಾ ಪಂಡಿತರೇ. ಹೊತ್ತಿಗೆ ಸರಿಯಾಗಿ ಯಾರ ಮನೆಯಲ್ಲೂ ಅನ್ನ ಬೇಯುವುದಿಲ್ಲ. ಅವನ ಹೆಂಡತಿ ರಾಬಿಯಾನನ್ನು ನಾನು ದೂರುವುದಿಲ್ಲ, ಒಳ್ಳೆಯ ಹೆಂಗಸು. ನೆರೆಯವರನ್ನೆಲ್ಲ ಕರೆದು ಚಾಪೆ ಹಾಕಿ ಕೂರಿಸುತ್ತಾಳೆ, ಚಹಾ ಕೊಡುತ್ತಾಳೆ. ನಾನು ಕುಡಿಯುವುದಿಲ್ಲ. ನೀನು ಕುಡಿಯುತ್ತಿ, ನನಗೆ ಗೊತ್ತುಂಟು. ಕುಡಿ! ಬೇಡ ಅಂದೆನಾ ನಾನು?

ಆದರೆ ಅದು ಪಿಕ್ಚರಾ ಹೇಳು? ಮೇಲೆ ಹೀರೋನ ತಲೆ ಅರ್ಧ ಇಲ್ಲ, ಕೆಳಗೆ ಕಾಲಿಲ್ಲ. ಹೀರೋಯಿನ್ ಅಳುತ್ತಾ ಇದ್ದರೆ ಅವಳ ಗಲ್ಲದ ಮೇಲೆ ಯಾವುದೋ ಕ್ಯಾಸೆಟ್ ಅಂಗಡಿಯ ಫೋನ್ ನಂಬ್ರ ಓಡುತ್ತದೆ. ಥೂ! ನಮ್ಮ ಟಾಕೀಸಿನಲ್ಲಿ ಒಂದು ಚೂರು ಫೋಕಸ್ ಹೋದರೆ ಬೆಂಚಿನವರು ಸೀಟಿ ಹೊಡೆದು ನನ್ನ ಅಪ್ಪ ಅಜ್ಜನನ್ನೆಲ್ಲ ಎಬ್ಬಿಸುತ್ತಿದ್ದರು. ಅದೇ ಜನ ಈಗ ಈ ಹೊಗೆಯಂತಹ ಚಿತ್ರವನ್ನು ಬಾಯಿ ಬಿಟ್ಟುಕೊಂಡು ನೋಡುತ್ತಾರೆ. ಟಾಕೀಸಿನಲ್ಲಿ ಈಗ ಎಂತ ಉಂಟು ಗೊತ್ತುಂಟಾ? ಗೊಬ್ಬರದ ಮೂಟೆ. ಪರದೆ ಇದ್ದಲ್ಲಿ ಯೂರಿಯಾ. ಮೊನ್ನೆ ಆ ಕಡೆ ಹೋಗಿದ್ದೆ, ನಿಂತು ನೋಡಲಿಕ್ಕೂ ಮನಸ್ಸಾಗಲಿಲ್ಲ.

ಇರಲಿ. ಆ ಹಲಸಿನ ಬೀಜ ಇಷ್ಟು ಸಾಕಲ್ವಾ? ಇಬ್ಬರಿಗೆ ಎಷ್ಟು ಪಲ್ಯ...

ಎಂತ? ನಿನ್ನೆ ಸಂಜೆಯದ್ದಾ? ಅದಕ್ಕೆ ನಾನು ಬರಲಿಲ್ಲವಲ್ಲ. ತಲೆನೋವು ಅಂದೆನಲ್ಲ. ನೀವು ಹೆಂಗಸರೇ ಕೂತು ನೋಡಿದ್ದಲ್ವಾ? ಯಾವುದಾಗಿತ್ತು? ...ಹಳೇದಾ? ಕಪ್ಪು ಬಿಳುಪಾ? ...ಓ! ಆ ಟೀಚರಮ್ಮನದ್ದು! ಅದು ನಮ್ಮಲ್ಲಿ ಬಂದು ಹದಿನಾಲ್ಕು ವರ್ಷ ಆಯಿತು. ಸಾಧಾರಣ ಪಿಕ್ಚರ್. ನೀನು ಆಗಲೇ ನೋಡಿದ್ದೆಯಲ್ಲ, ಪುನಃ ಎಂತಕ್ಕೆ ನೋಡಿದ್ದು? ಚಿಕ್ಕ ಪ್ರಾಯದಲ್ಲಿ ಗಂಡ ಸಾಯುತ್ತಾನೆ, ಅವಳು ಶಾಲೆಗೆ ಸೇರುತ್ತಾಳೆ, ಒಬ್ಬ ಹೊಸ ಮಾಸ್ತರು ಬರುತ್ತಾನೆ, ಪುಸ್ತಕ ಕೊಡುತ್ತಾನೆ, ಊರವರು ಬಾಯಿಗೆ ಬಂದ ಹಾಗೆ ಮಾತಾಡುತ್ತಾರೆ, ಅವನು ಬಸ್ಸು ಹತ್ತಿ ಹೋಗುತ್ತಾನೆ. ಅವಳು ಕೆರೆಯ ಮೆಟ್ಟಿಲಲ್ಲಿ ಕೂತು ಅಳುತ್ತಾಳೆ. ಶುಭಂ! ಅಷ್ಟೇ ತಾನೇ?

ಎಂತ ಅಷ್ಟೇ ಅಲ್ಲ?

ಮದುವೆಯಾ? ಯಾವ ಮದುವೆ?

ಏ... ಇಲ್ಲ ಮಾರಾಯ್ತಿ. ಹಾಗೆ ಇರಲೇ ಇಲ್ಲ. ಮುಂದಿನ ಸ್ಟಾಪಿನಲ್ಲಿ ಬಸ್ಸಿನಿಂದ ಇಳಿದು ನಡೆದುಕೊಂಡು ವಾಪಸ್ ಬರುತ್ತಾನಾ? ರಿಜಿಸ್ಟ್ರಾರ್ ಆಫೀಸಿನಲ್ಲಿ ಹಾರ ಹಾಕುತ್ತಾರಾ? ನೋಡು, ನಾನು ಹೇಳುತ್ತೇನೆ ಕೇಳು. ಇದು ಕ್ಯಾಸೆಟ್ ಮಾಡುವವರ ಕೆಲಸ. ಜನರಿಗೆ ಖುಷಿ ಆಗಲಿ ಅಂತ ಬೇರೆ ಎಲ್ಲಿಯದ್ದೋ ತಂದು ಕೊನೆಗೆ ಸೇರಿಸುತ್ತಾರೆ. ಮದ್ರಾಸಿನಲ್ಲಿ ಅದಕ್ಕೇ ಜನ ಇದ್ದಾರೆ. ನಿನಗೆ ಅದೆಲ್ಲ ಗೊತ್ತಾಗುವುದಿಲ್ಲ.

ಅವಳೇ ಇದ್ದಾಳಾ? ...ಅದೇ ಸೀರೆಯಾ? ...ಅದೇ ಕೆರೆಯಾ.

ಹಾಗಾದರೆ... ಹಾಗಾದರೆ ಇತ್ತೋ ಏನೋ. ಹದಿನಾಲ್ಕು ವರ್ಷ ಹಿಂದಿನದ್ದು ನನಗೆ ಎಷ್ಟು ನೆನಪಿರುತ್ತದೆ! ವಾರಕ್ಕೆ ಎರಡು ಪಿಕ್ಚರ್ ಓಡಿಸಿದವನು. ಓ, ಹೌದು, ಈಗ ನೆನಪಾಯಿತು ನೋಡು. ಕೊನೆಯ ಎರಡು ರೀಲು ನಾನು ತೆಗೆದಿದ್ದೆ. ಹಾಗೆ ನೋಡಬೇಡ! ಎಲ್ಲ ಆಪರೇಟರುಗಳೂ ಮಾಡುತ್ತಿದ್ದ ಕೆಲಸ ಅದು. ಫಸ್ಟ್ ಶೋ ಬಿಡುವುದಕ್ಕೂ ಬಜಗೋಳಿಗೆ ಹೋಗುವ ಕೊನೆಯ ಬಸ್ಸಿಗೂ ಸರಿಹೋಗಬೇಡವಾ? ಉದ್ದದ ಪಿಕ್ಚರ್ ಬಂದರೆ ಅರ್ಧ ಟಾಕೀಸು ಎದ್ದು ಓಡುತ್ತಿತ್ತು, ಹೆಂಗಸರು ಮಕ್ಕಳನ್ನು ಎತ್ತಿಕೊಂಡು ಓಡುತ್ತಿದ್ದರು. ಅದಕ್ಕೆ ಹೀರೋಯಿನ್ ಹಾಡುವ ಒಂದು ಪದ್ಯ ತೆಗೆಯುವುದು, ಒಂದು ಕಾಮಿಡಿ ತೆಗೆಯುವುದು, ಹಿಂದಿನದ್ದು ಮುಂದಿನದ್ದು ಅಂಟಿಸುವುದು. ಫಿಲ್ಮಿನ ಪೆಟ್ಟಿಗೆ ವಾಪಸ್ ಕಳಿಸುವಾಗ ಪುನಃ ಜೋಡಿಸಿ ಕಳಿಸುತ್ತಿದ್ದೆ. ಒಂದು ದಿನವೂ ಒಂದು ದೂರು ಬಂದದ್ದಿಲ್ಲ. ಅಷ್ಟು ನಾಜೂಕು ಕೈ ನನ್ನದು.

ಹ್ಞಾಂ?

ಮ್ಯಾಟಿನಿಯಾ... ನೀನು ನೋಡಿದ್ದು ಮ್ಯಾಟಿನಿ ಅಂತ ನಿನಗೆ ಅಷ್ಟು ಸರಿ ನೆನಪುಂಟಾ? ಸರಿ, ಮ್ಯಾಟಿನಿಗೆ ಕಡೆಯ ಬಸ್ಸಿನ ತಾಪತ್ರಯ ಇಲ್ಲ, ಒಪ್ಪಿದೆ. ಆದರೆ ಒಮ್ಮೆ ಕತ್ತರಿಸಿ ಅಂಟಿಸಿದ ಮೇಲೆ ಮ್ಯಾಟಿನಿಗೆ ಬೇರೆ, ಫಸ್ಟ್ ಶೋಗೆ ಬೇರೆ ಅಂತ ಮಾಡಲಿಕ್ಕೆ ಆಗುತ್ತದಾ? ಫಿಲ್ಮು ಅದು, ಸೀರೆಯ ಸೆರಗಲ್ಲ, ಬೇಕಾದಾಗ ಹೊದ್ದುಕೊಂಡು ಬೇಡವಾದಾಗ ತೆಗೆಯಲಿಕ್ಕೆ. ಹಿಂದಿನ ದಿನ ಕತ್ತರಿಸಿದ್ದು ಮರುದಿನದ ಮ್ಯಾಟಿನಿಗೂ ಹಾಗೇ ಹೋಗುತ್ತದೆ.

ಶುಕ್ರವಾರವಾ?

ಮೊದಲ ದಿನದ್ದು. ಮೊದಲ ಆಟವೇ ಮ್ಯಾಟಿನಿ, ಅದಕ್ಕೆ ಹಿಂದಿನ ದಿನ ಅಂತ ಇಲ್ಲ.

ಹೌದು. ನಾನೇ ಬಾ ಅಂದಿದ್ದೆ ನಿನಗೆ.

ಕೈ ಯಾಕೆ ನಿಲ್ಲಿಸಿದೆ? ಬೀಜ ಕೊಯ್ಯಿ ನೀನು. ಎಂತ ಪೋಲೀಸ್ ವಿಚಾರಣೆಯಾ ಇದು? ಒಂದು ಹಳೇ ಪಿಕ್ಚರ್, ಅದರಲ್ಲಿ ಎರಡು ರೀಲು ಹೆಚ್ಚು ಕಡಿಮೆ! ಅದಕ್ಕೆ ಇಷ್ಟು ಮುಖ ಊದಿಸಿಕೊಂಡು ಕೂತಿದ್ದಿ. ಈ ಮೂವತ್ತು ವರ್ಷದಲ್ಲಿ ನಾನು ಕತ್ತರಿಸಿದ ಪದ್ಯಗಳ ಲೆಕ್ಕ ಯಾರಾದರೂ ಕೇಳಿದ್ದಾರಾ? ನಿನಗೇ ಯಾಕೆ ಬೇಕು ಇದು? ನಲವತ್ತು ವರ್ಷ ಆಯಿತು ನಿನಗೆ ನರ್ಮದಾ, ನಲವತ್ತು! ಯಾವುದೋ ಟೀಚರಿಗೆ ಮದುವೆ ಆದರೆ ನಿನಗೆಂತ, ಬಿಟ್ಟರೆ ನಿನಗೆಂತ? ಆ ತಾರಾನಾಥ ಮಾಸ್ತರು ಬಂದು ತೋರಿಸಿ ಅಂದ ಕೂಡಲೇ ನಾನು ನಿನಗೆ ಅದನ್ನೆಲ್ಲ ತೋರಿಸಬೇಕಿತ್ತಾ?

...

ಇಲ್ಲ. ಹಾಗಲ್ಲ. ಬಾಯಿ ತಪ್ಪಿ ಬಂತು. ಬೇರೆ ಯಾರದ್ದೋ ಹೆಸರು ಹೇಳಲಿಕ್ಕೆ ಹೋಗಿ...

ಹೈಸ್ಕೂಲಿನಲ್ಲಿ ಡ್ರಾಯಿಂಗ್ ಕಲಿಸುತ್ತಿದ್ದ, ಹೆಬ್ರಿ ಕಡೆಯವ. ನೆನಪುಂಟಲ್ಲ ನಿನಗೆ. ಉಂಟು, ನಿನ್ನ ಮುಖ ನೋಡಿದರೆ ಗೊತ್ತಾಗುತ್ತದೆ. ಗಂಡ ತೀರಿಹೋಗಿ ನೀನು ಈ ಮನೆಗೆ ವಾಪಸ್ ಬಂದ ಮೇಲೆ ವಾಚನಾಲಯದಿಂದ ನಿನಗೆ ಕಾದಂಬರಿ ತಂದು ಕೊಡುತ್ತಿದ್ದ. ಒಳಗೆ ಬರುತ್ತಿರಲಿಲ್ಲ, ಜಗಲಿಯಲ್ಲಿ ಇಟ್ಟು ಹೋಗುತ್ತಿದ್ದ. ಒಂದು ದಿನ ಟಾಕೀಸಿಗೆ ಬಂದ. ಶೋ ನಡೆಯುತ್ತಾ ಇತ್ತು. ಕಬ್ಬಿಣದ ಏಣಿ ಹತ್ತಿ ಸೀದಾ ನನ್ನ ಕ್ಯಾಬಿನ್ನಿಗೇ ಬಂದ. ಒಳಗೆ ಪ್ರೊಜೆಕ್ಟರಿನ ದೀಪಕ್ಕೆ ಕಾರ್ಬನ್ ಕಡ್ಡಿ ಉರಿಯುವ ಶೆಕೆ, ನಾನು ಬನಿಯನ್ನಿನಲ್ಲಿ ಇದ್ದೆ, ಕೈ ಬಿಡುವ ಹಾಗಿಲ್ಲ, ಅವನ ಕಡೆ ತಿರುಗುವ ಹಾಗಿಲ್ಲ. ಅವನು ಬಾಗಿಲಲ್ಲೇ ನಿಂತು ಹೇಳಿದ... ವಿಠಲಣ್ಣ, ಉಡುಪಿಯಲ್ಲಿ ಒಂದು ಪಿಕ್ಚರ್ ನೋಡಿದೆ, ಮುಂದಿನ ವಾರ ನಿಮ್ಮಲ್ಲಿಗೆ ಬರುತ್ತದಂತೆ. ನಿಮ್ಮ ತಂಗಿ ನೋಡಲಿ. ಪೂರ್ತಿ ನೋಡಲಿ. ಆಮೇಲೆ ನನ್ನ ವಿಷಯ ಅವರನ್ನು ಒಂದು ಮಾತು ಕೇಳಿ. ಅವರು ಬೇಡ ಅಂದರೆ ನಾನು ಪುನಃ ಈ ಏಣಿ ಹತ್ತುವುದಿಲ್ಲ. ಅಷ್ಟೇ ಹೇಳಿದ, ಇಳಿದು ಹೋದ. ಮರ್ಯಾದೆಯ ಮನುಷ್ಯ. ಅದಕ್ಕೇ ನನಗೆ ಸಿಟ್ಟು ಬಂದದ್ದು! ಒರಟ ಆಗಿದ್ದರೆ ಎರಡು ಬೈದು ಓಡಿಸಬಹುದಿತ್ತು.

ಗುರುವಾರ ಪೆಟ್ಟಿಗೆ ಬಂತು. ಶುಕ್ರವಾರ ಬೆಳಿಗ್ಗೆಯೇ ಟಾಕೀಸಿಗೆ ಹೋಗಿ ಒಬ್ಬನೇ ಓಡಿಸಿ ನೋಡಿದೆ. ಖಾಲಿ ಬೆಂಚು, ನಾನು ಮತ್ತು ಆ ಟೀಚರ್. ಅವಳು ಹಾರ ಹಾಕುವಾಗ ಅವಳ ಮುಖ ನೋಡಿದೆ. ಕೂಡಲೇ ಬ್ಲೇಡು ತೆಗೆದೆ. ಅಳುವಲ್ಲಿಗೆ ನಿಲ್ಲಿಸಿ, ಅಲ್ಲಿಗೇ ಶುಭಂ ಅಂಟಿಸಿದೆ. ಆ ದಿನ ನೀನು ಮನೆಗೆ ಬಂದು ಕೇಳಿದ್ದೆ, ಅಳುವವಳ ಮುಖದ ಮೇಲೆ ಯಾರಾದರೂ ಶುಭಂ ಅಂತ ಬರೆಯುತ್ತಾರಾ ಅಣ್ಣ ಅಂತ. ಆಮೇಲೆ ನೀನೇ ಹೇಳಿದ್ದು, ಸಿನೆಮಾದಲ್ಲಿ ಸಹ ಹೀಗೆಯೇ ಅಲ್ವಾ ಅಂತ. ಹೇಳಿ ಒಳಗೆ ಹೋಗಿ ಅಕ್ಕಿ ತೊಳೆದೆ. ನನಗೆ ಅದು ಮರೆತೇ ಹೋಗಿದೆ ಅಂತ ಎಣಿಸಿದ್ದಿಯಾ? ಹದಿನಾಲ್ಕು ವರ್ಷ ಅದೇ ಮಾತು ಕಿವಿಯಲ್ಲಿ ಉಂಟು ನನಗೆ. ನಿನ್ನೆ ರಾಬಿಯಾನ ಟಿ.ವಿ. ಮೇಲೆ ಆ ಕ್ಯಾಸೆಟ್ ನೋಡಿದ ಕೂಡಲೇ ಎದ್ದು ಮನೆಗೆ ಬಂದೆ. ತಲೆನೋವು ಸುಳ್ಳು.

ಮತ್ತೆ ಸೋಮವಾರ ಅವನು ಬಂದ. ಏಣಿಯ ಕೆಳಗೇ ನಿಂತಿದ್ದ. ನೋಡಿದಳು, ಬೇಡ ಅಂದಳು ಅಂತ ಹೇಳಿದೆ. ನಂಬಿದ. ಆ ವರ್ಷವೇ ವರ್ಗ ಮಾಡಿಸಿಕೊಂಡು ಹೋದ. ಎಲ್ಲಿಗೆ ಅಂತ ಗೊತ್ತಿಲ್ಲ ನನಗೆ, ದೇವರಾಣೆ ಗೊತ್ತಿಲ್ಲ.

ಬೈಯಿ ಬೇಕಾದರೆ. ನಾನು ಎಂತ ಮಾಡಬೇಕಿತ್ತು ಆಗ, ನೀನೇ ಹೇಳು! ನಿನ್ನ ಅತ್ತಿಗೆ ಪಂಕಜಾ ಆಗ ಇದ್ದಳು, ಸೊಂಟ ಬಿದ್ದು ಹಾಸಿಗೆ ಹಿಡಿದಿದ್ದಳು. ಮನೋರಮಾನಿಗೆ ನಾಲ್ಕು ವರ್ಷ. ನಾನು ಬೆಳಿಗ್ಗೆ ಹೋದರೆ ಎರಡನೇ ಆಟ ಬಿಟ್ಟು ಬರುವುದು. ಹೆಂಡತಿಯ ಬಟ್ಟೆ ಬದಲಿಸುವವರು ಯಾರು, ಮಗುವಿಗೆ ಗಂಜಿ ಕೊಡುವವರು ಯಾರು? ಈಗ ಮಗಳು ಕಾಪುವಿನಲ್ಲಿ ಗಂಡನ ಮನೆಯಲ್ಲಿ ಸುಖವಾಗಿ ಇದ್ದಾಳೆ ಅಂದರೆ ಅದು ನಿನ್ನಿಂದ, ನಾನು ಇಲ್ಲ ಅನ್ನುತ್ತೇನಾ? ಊರಿಗೆ ಹೆದರಿದೆ, ಜಾತಿಗೆ ಹೆದರಿದೆ ಅಂತ ಹೇಳಬಹುದು ನಾನು. ಹೇಳುವುದಿಲ್ಲ. ಊರವರು ನಾಲ್ಕು ದಿನ ಮಾತಾಡಿ ಬಿಡುತ್ತಿದ್ದರು. ನೀನು ಹೋದರೆ ನನ್ನ ಮನೆ ನಡೆಯುವುದಿಲ್ಲ ಅಂತ ಹೆದರಿದ್ದು. ಅಷ್ಟೇ.

ಆದರೆ ಒಂದು ಹೇಳು. ನಾನು ಕೇಳಿದ್ದರೂ ನೀನು ಬೇಡ ಅಂತಲೇ ಹೇಳುತ್ತಿದ್ದೆ ಅಲ್ವಾ? ಅತ್ತಿಗೆಯನ್ನು ಈ ಸ್ಥಿತಿಯಲ್ಲಿ ಬಿಟ್ಟು ಹೇಗೆ ಹೋಗಲಿ ಅಣ್ಣ ಅನ್ನುತ್ತಿದ್ದೆ. ಮಗುವನ್ನು ಸೊಂಟದಿಂದ ಇಳಿಸುತ್ತಿರಲಿಲ್ಲ ನೀನು. ನನಗೆ ಗೊತ್ತಿಲ್ಲವಾ ನಿನ್ನ ಸ್ವಭಾವ! ಬೇಡ ಅನ್ನುತ್ತಿದ್ದೆ. ಖಂಡಿತ ಬೇಡ ಅನ್ನುತ್ತಿದ್ದೆ. ಹಾಗಾದರೆ ನಾನು ಅವನಿಗೆ ಹೇಳಿದ್ದು ಸುಳ್ಳಲ್ಲ. ಅಲ್ವಾ? ಅಲ್ವಾ ನರ್ಮದಾ?

ಹೇಳು ಮಾರಾಯ್ತಿ. ಈಗಲಾದರೂ ಒಂದು ಸಲ ಬೇಡ ಅಂತ ಹೇಳು. ನನ್ನ ಸಮಾಧಾನಕ್ಕೆ.

ನರ್ಮದಾ...

ಬೇಡ ಅಂತ ಹೇಳುವುದಿಲ್ಲ ನೀನು.

ನನಗೆ ಗೊತ್ತಿತ್ತು. ಆಗಲೇ ಗೊತ್ತಿತ್ತು. ಅದಕ್ಕೇ ನಿನ್ನನ್ನು ಕೇಳಲಿಲ್ಲ.