ಉಚಿತ ಖಾತೆ ತಿಂದ ಐವತ್ತುಗಳು

…ಇಲ್ಲ ಇಲ್ಲ, ಇದು ಸರಿಹೋಗಲಿಲ್ಲ. ಕ್ಷಮಿಸು ತಂಗೀ, ಮತ್ತೆ ಮೊದಲಿಂದ ಶುರು ಮಾಡ್ತೀನಿ. ಇದು ನಾಲ್ಕನೇ ಸಲ. ಹಾಲ್ ಹಿಂದಿನ ಮೆಟ್ಟಿಲ ಹತ್ರ ನಿಂತಿದ್ದೀನಿ, ಒಳಗೆ ಮೈಕ್ ಸರಿ ಮಾಡ್ತಿದ್ದಾರೆ. ನೀನು ಟೀಚರು, ಎಲ್ಲಿ ಎಡವಿದೆ ಅಂತ ಫೋನಲ್ಲೇ ಕೇಳಿ ಹೇಳು. ಹಾಂ.

ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿರುವ ಅತಿಥಿಗಳೇ, ನಲವತ್ತು ಸಲೂನುಗಳ ನನ್ನ ಕ್ಷೌರಿಕ ಬಂಧುಗಳೇ, ಇವತ್ತೊಂದು ದಿನವಾದರೂ ತಾವೇ ನುಣ್ಣಗೆ ಗಡ್ಡ ಮಾಡಿಸಿಕೊಂಡು ಬಂದಿರುವ ಸಭಿಕರೇ!

ಖಜಾಂಚಿಯ ವರದಿ ಅಂದರೆ ನಿಮಗೆ ನಿದ್ದೆ ಬರುತ್ತದೆ, ನನಗೆ ಗೊತ್ತು. ಇವತ್ತು ಬರೋದಿಲ್ಲ. ನಮ್ಮ ಸಂಘದ ಕಾಯಿಲೆ ನಿಧಿ ಎಲ್ಲಿ ಸೋರುತ್ತಿತ್ತು ಅಂತ ನಾನು ಕಂಡುಹಿಡಿದಿದ್ದೀನಿ. ಸೋರಿಸಿದವನು ನಾನೇ!

ನಗಬೇಡಿ, ಕೇಳಿ. ಹಿಂದಿನ ಖಜಾಂಚಿ ನಿಧಿ ಡಬ್ಬಿಯ ದುಡ್ಡನ್ನು ತಿಂಗಳಾನುಗಟ್ಟಲೆ ಮನೆಯಲ್ಲಿ ಇಟ್ಟುಕೊಂಡರು ಅಂತ ಎಷ್ಟು ಗಲಾಟೆ ಆಯಿತು? ಆವತ್ತೇ ನಾನು ಎದೆ ತಟ್ಟಿಕೊಂಡು ಹೇಳಿದೆ, ದಿನದ ದುಡ್ಡು ದಿನವೇ ಬ್ಯಾಂಕಿಗೆ ಅಂತ. ದಿನಕ್ಕೆ ಪ್ರತಿ ಅಂಗಡಿಯಿಂದ ಹತ್ತು ರೂಪಾಯಿ, ಒಟ್ಟು ನಾನೂರು. ತಿಂಗಳಿಗೆ ಇಪ್ಪತ್ತಮೂರು ದಿನ ಹೋಗಿ ಕಟ್ಟಿದೆ. ಖಾತೆ ಯಾವುದು? ಉಚಿತ ಖಾತೆ! ತೆರೆಯೋದಕ್ಕೆ ದುಡ್ಡಿಲ್ಲ, ಇಟ್ಟುಕೊಳ್ಳೋದಕ್ಕೆ ದುಡ್ಡಿಲ್ಲ. ಆದರೆ ನಗದು ಕಟ್ಟೋದು ತಿಂಗಳಿಗೆ ಮೂರು ಸಲ ಮಾತ್ರ ಉಚಿತ. ಆಮೇಲೆ ಕಟ್ಟಿದ್ದಕ್ಕೆಲ್ಲ, ಸಲಕ್ಕೆ ಐವತ್ತು. ಪಾಸ್‌ಬುಕ್ಕಿನಲ್ಲಿ ನೋಡಿದರೆ ಇರುವೆ ಸಾಲಿನ ಹಾಗೆ ಐವತ್ತು, ಐವತ್ತು, ಐವತ್ತು! ನಾನೂರು ಕಟ್ಟೋಕೆ ಐವತ್ತು ಕೊಡೋ ಜಾಣ ಇಡೀ ಊರಿನಲ್ಲಿ ಇನ್ನೊಬ್ಬನಿದ್ದಾನಾ? ತಿಂಗಳಿಗೆ ಸಾವಿರ, ಹನ್ನೊಂದು ತಿಂಗಳಿಗೆ ಹನ್ನೊಂದು ಸಾವಿರ.

ಹತ್ತು ದಿನಕ್ಕೊಂದು ಸಲ ಕಟ್ಟಿದ್ದರೆ ಆಗುತ್ತಿರಲಿಲ್ಲವೇ? ಆಗುತ್ತಿತ್ತು. ಆದರೆ… ಹೇಗೆ ಹೇಳಲಿ… ಆ ಕೌಂಟರಿನ ಮೇಡಂ ನನ್ನನ್ನು ಕಂಡ ತಕ್ಷಣ, 'ಖಜಾಂಚಿಗಳು ಬಂದ್ರು, ಕೂತ್ಕೊಳ್ಳಿ ಸಾರ್' ಅನ್ನೋರು. ಮೂವತ್ತು ವರ್ಷದಿಂದ ನಿಂತುಕೊಂಡೇ ಕೆಲಸ ಮಾಡಿದವನು ನಾನು. ಎಲ್ಲರೂ ನನ್ನ ಮುಂದೆ ಕೂರ್ತಾರೆ, ನಾನು ಕೂರಲ್ಲ. ಫ್ಯಾನ್ ಕೆಳಗೆ ಹತ್ತು ನಿಮಿಷ… ಇದನ್ನ ಹೇಳಬೇಕಾ ತಂಗೀ? ಇರಲಿ ಬಿಡು. ಬಾಯಿಂದ ಬಂದುಬಿಟ್ಟಿದೆ.

ಈಗ ಅಸಲು ವಿಷಯ. ನನ್ನ ಕೈಗೆ ಕತ್ತರಿ ಕೊಟ್ಟವರು ನಮ್ಮ ದೊಡ್ಡಣ್ಣ. ಅವರ ಕಣ್ಣಿನ ಆಪರೇಷನ್ ಗುರುವಾರ. ಬೇಕಾದದ್ದು ಮೂವತ್ತು ಸಾವಿರ. ಈ ವರ್ಷದ ಬೇರೆ ಕಾಯಿಲೆಗಳಿಗೆಲ್ಲ ಕೊಟ್ಟು ನಿಧಿಯಲ್ಲಿ ಉಳಿದಿರೋದು ಹತ್ತೊಂಬತ್ತು ಸಾವಿರ. ಕಡಿಮೆ ಬಿದ್ದದ್ದು ಎಷ್ಟು? ನನ್ನ ಐವತ್ತುಗಳಷ್ಟೇ.

ನಾನು ಏನು ಯೋಚಿಸಿದೆ ಗೊತ್ತೇ? ಕೈಯಿಂದ ಹಾಕಿ ಸುಮ್ಮನಿದ್ದುಬಿಡೋಣ ಅಂತ. ನನ್ನ ಮನೆಯವಳು ಬಿಟ್ಟಳೇ? 'ದುಡ್ಡೂ ಕಟ್ಟಿ, ಬಾಯಿನೂ ಬಿಡಿ. ಇಲ್ಲಾಂದ್ರೆ ಮುಂದೆ ಬರೋನೂ ದಿನಾ ಹೋಗಿ ಕೂತ್ಕೊಂಡು ಬರ್ತಾನೆ' ಅಂದಳು. ಅವಳಿಗೆ ಕುರ್ಚಿ ವಿಷಯ ಗೊತ್ತಿತ್ತು ನೋಡಿ!

ನಿನ್ನೆ ಮ್ಯಾನೇಜರ್ ಹತ್ತಿರ ಜಗಳಕ್ಕೇ ಹೋದೆ. 'ಸಹಿ ಹಾಕಿದ ಫಾರಂ ಹಿಂದೆ ಬರೆದಿದೆಯಲ್ಲ ಸಾರ್' ಅಂದರು. ಬರೆದಿತ್ತು. ಆದರೆ ಸಂಘಗಳಿಗೆ ಇನ್ನೊಂದು ಖಾತೆ ಇದೆಯಂತೆ, ತಿಂಗಳಿಗೆ ಇನ್ನೂರು, ಎಷ್ಟು ಸಲ ಬೇಕಾದರೂ ಕಟ್ಟಬಹುದು. ದುಡ್ಡು ಕೇಳೋ ಖಾತೆ ಇನ್ನೂರು, ಪುಗಸಟ್ಟೆ ಖಾತೆ ಸಾವಿರ! ನಾನು ಬ್ಯಾಂಕಿನಲ್ಲೇ ಚಪ್ಪಾಳೆ ತಟ್ಟಿಬಿಟ್ಟೆ. ಅರ್ಥ ಆಗೋದು ಅಂದರೆ ಎಂಥಾ ಖುಷಿ ಬಂಧುಗಳೇ, ಐವತ್ತನೇ ವಯಸ್ಸಿನಲ್ಲಿ!

ಹನ್ನೊಂದು ಸಾವಿರ ಈ ಲಕೋಟೆಯಲ್ಲಿದೆ. ಗುರುವಾರದ ಆಪರೇಷನ್ ನಿಲ್ಲೋದಿಲ್ಲ. ಖಜಾಂಚಿ ಯಾರಾಗಬೇಕು ಅಂತ ನೀವೇ ತೀರ್ಮಾನಿಸಿ. ಯಾರೇ ಆಗಲಿ, ಸಹಿಗೆ ಮೊದಲು ಫಾರಂ ತಿರುಗಿಸಿ ನೋಡಿ. ಇಷ್ಟು ಹೊತ್ತು ಬೈಯದೆ ಕೇಳಿದ್ದಕ್ಕೆ ನಿಮ್ಮೆಲ್ಲರಿಗೂ ಋಣಿ. ನಮಸ್ಕಾರ.

ಹೇಗಿತ್ತು ತಂಗೀ? ದೊಡ್ಡಣ್ಣನ ಮುಖ ನೋಡಿಕೊಂಡು ಹೇಳೋದೇ ಕಷ್ಟ… ಯಾರು? ಅಯ್ಯೋ, ದೊಡ್ಡಣ್ಣಾ! ನೀವ್ಯಾಕೆ ಕರೆಯೋಕೆ ಬಂದ್ರಿ? ಯಾವಾಗಿಂದ ನಿಂತಿದ್ದೀರಿ?… ಮೊದಲಿಂದಾನಾ?… ಕುರ್ಚಿ ಮಾತೂನಾ?… ಅದನ್ನೂ ಹೇಳ್ಬೇಕಾ?… ಹೂಂ. ಹಾಗೇ ಹೇಳ್ತೀನಿ, ಒಂದಕ್ಷರನೂ ಬಿಡಲ್ಲ. ಬನ್ನಿ, ನನ್ನ ತೋಳು ಹಿಡ್ಕೊಳ್ಳಿ, ಇಲ್ಲಿ ಎರಡು ಮೆಟ್ಟಿಲಿದೆ. ತಂಗೀ, ಫೋನ್ ಇಡ್ತೀನಿ.