ಅಡುಸೆ ಅಳಿಸದ ಹನ್ನೊಂದು ಹಾಡು

ಕುಟುಂಬದ ಹಿರಿಯರಾದ ಒಪಾನಿನ್ ಬೊಆಚಿ ಅವರೇ, ನಮ್ಮನ್ನು ಬಿಟ್ಟುಹೋದ ನನ್ನ ಗೆಳೆಯ ಅಡುಸೆಯ ಮಡದಿ ದುಫಿಯೆ ಅಮ್ಮನವರೇ, ನಮ್ಮ ಕುಮಾಸಿ ಊರಿನ ಅಸಾಫೊ ಬೀದಿಯ ರಿಪೇರಿ ಮಾಸ್ಟರುಗಳೇ, ಸಾವಿನ ಕೆಂಪು ಕಪ್ಪು ಉಟ್ಟು ಈ ಬಿಸಿಲಿನಲ್ಲಿ ಬಂದು ಕುಳಿತಿರುವ ಎಲ್ಲರೇ — ನಿಮಗೆ ಬೆದಿಯಾಕೊನ ನಮಸ್ಕಾರ.

ಮೈಕು ಕೈಗೆ ಕೊಡುವಾಗ ಒಪಾನಿನ್ ನನ್ನ ಕಿವಿಯಲ್ಲಿ ಹೇಳಿದರು, "ಐದೇ ನಿಮಿಷ ಕಣಯ್ಯಾ. ನಿನ್ನ ಪುರಾಣ ಬೇಡ." ಆಗಲಿ. ನಾನು ಓದಿದ್ದು ಎಜುರಾ ಹತ್ತಿರದ ಹಳ್ಳಿ ಶಾಲೆಯಲ್ಲಿ, ಆರನೇ ಕ್ಲಾಸು. ಆದರೂ ಈ ಬೀದಿಯಲ್ಲಿ ನನ್ನಷ್ಟು ಚುರುಕಿನ ಕೈ ಇನ್ನೊಂದಿಲ್ಲ. ಇದು ನಾನು ಹೇಳುವ ಮಾತಲ್ಲ — ಸರಿ, ನಾನೇ ಹೇಳುವ ಮಾತು. ಆದರೆ ನಿಜ.

ಅಡುಸೆ ನನಗೆ ತದ್ವಿರುದ್ಧ. ಹತ್ತೊಂಬತ್ತು ವರ್ಷ ಒಂದೇ ಬೆಂಚಿನಲ್ಲಿ ಎದುರುಬದುರು ಕುಳಿತು ಕೆಲಸ ಮಾಡಿದೆವು. ಅವನು ಒಂದು ತಿರುಪು ಬಿಚ್ಚುವಷ್ಟರಲ್ಲಿ ನಾನು ಒಂದು ರೇಡಿಯೊ ಮುಗಿಸಿ ಕೆಂಕೆ ತಿಂದು ಬಂದಿರುತ್ತಿದ್ದೆ. ವಾದ್ಯದವರ ಸೀಕ್ವೆನ್ಸರ್ ಯಂತ್ರದ ರಬ್ಬರ್ ಗುಂಡಿಗಳನ್ನು ಅವನು ಒಂದೊಂದಾಗಿ ಸೋಪು ನೀರಿನಲ್ಲಿ ತೊಳೆದು, ದುಫಿಯೆ ಅಮ್ಮನ ಮೊರದಲ್ಲಿ ಒಣಗಿಸುತ್ತಿದ್ದ. ಒಮ್ಮೆ ಕೋಳಿಯೊಂದು ಒಂದು ಗುಂಡಿಯನ್ನು ನುಂಗಿತು. ನಾನು ಹೇಳಿದೆ, "ಬೇರೆ ಹಾಕಿ ಕೊಡು ಮಾರಾಯ, ಗಿರಾಕಿಗೆ ಏನು ಗೊತ್ತಾಗತ್ತೆ?" ಅವನು ಹೇಳಿದ, "ಯಂತ್ರಕ್ಕೆ ಗೊತ್ತಾಗತ್ತೆ." ಎರಡು ದಿನ ಆ ಕೋಳಿಯ ಹಿಂದೆಯೇ ಓಡಾಡಿದ. ಗುಂಡಿ ಸಿಕ್ಕಿತು. ಹೇಗೆ ಸಿಕ್ಕಿತು ಎಂದು ಈ ಸಭೆಯಲ್ಲಿ ಹೇಳುವುದಿಲ್ಲ.

ದುಫಿಯೆ ಅಮ್ಮ ನಗುತ್ತಿದ್ದಾರೆ. ನಗಲಿ. ಮುಂದೆ ನಗುವಂಥದ್ದು ನನ್ನ ಬಳಿ ಇಲ್ಲ.

ಇಂದು ಬೆಳಿಗ್ಗೆ ನೀವೆಲ್ಲ ನೋಡಿದಿರಿ. ಬಂದವರೆಲ್ಲ ಸಾಲಾಗಿ ಹೋಗಿ ಮನೆಯವರ ಕೈ ಹಿಡಿದು ಕೂತರು. ಪೊಕುಆ ಅಜ್ಜಿ ಬಂದರು. ಒಪಾನಿನ್ನರ ಕೈ ಹಿಡಿದರು. ದುಫಿಯೆ ಅಮ್ಮ ಕೈ ಚಾಚಿದರು — ಅಜ್ಜಿ ಆ ಕೈಯನ್ನು ದಾಟಿ ಮುಂದೆ ಹೋದರು. ನನ್ನ ಹಿಂದಿನ ಕುರ್ಚಿಯಲ್ಲಿ ಯಾರೋ ಪಿಸುಗುಟ್ಟಿದರು, "ಹಾಡು ಅಳಿಸಿದ ಕೈ ಅಲ್ವಾ ಆ ಮನೇದು?"

ಅಡುಸೆಯನ್ನು ಶನಿವಾರ ಮಣ್ಣು ಮಾಡುತ್ತೇವೆ. ಆ ಮಾತನ್ನೂ ಅವನ ಜೊತೆ ಪೆಟ್ಟಿಗೆಯಲ್ಲಿಟ್ಟು ಕಳಿಸಬೇಕೇ — ಇದು ಈ ಹೊತ್ತು ನನ್ನ ನಾಲಿಗೆಯ ಮೇಲೆ ನಿಂತಿದೆ. ಆದ್ದರಿಂದ ಕೇಳಿ.

ಚಿಕ್ಕವರಿಗೆ ಗೊತ್ತಿರಲಾರದು. ಸೀಕ್ವೆನ್ಸರಿಗೆ ಸ್ವಂತ ದನಿ ಇಲ್ಲ. ಯಾವ ಸ್ವರ, ಯಾವಾಗ, ಎಷ್ಟು ಹೊತ್ತು ಎಂಬುದನ್ನು ನೆನಪಿಟ್ಟುಕೊಂಡು ಕೀಬೋರ್ಡಿಗೂ ಡ್ರಮ್ಮಿಗೂ ಅಪ್ಪಣೆ ಕೊಡುವುದಷ್ಟೇ ಅದರ ಕೆಲಸ. ಆ ಹಳೆಯ ಜಪಾನಿ ಯಂತ್ರಗಳಲ್ಲಿ ಈ ನೆನಪನ್ನು ಕಾಯುವುದು ಗುಂಡಿಯಷ್ಟು ದೊಡ್ಡ ಒಂದು ಬ್ಯಾಟರಿ. ಅದು ಸತ್ತರೆ ನೆನಪೂ ಸಾಯುತ್ತದೆ. ಬ್ಯಾಟರಿ ಬದಲಿಸುವಾಗ ಮೊದಲು ಇನ್ನೊಂದು ಬ್ಯಾಟರಿಯನ್ನು ತಂತಿಯಲ್ಲಿ ಪಕ್ಕಕ್ಕೆ ಕಟ್ಟಬೇಕು, ಆಮೇಲೆ ಹಳೆಯದನ್ನು ಕೀಳಬೇಕು. ಅಡುಸೆ ಇದನ್ನು ಯಾವತ್ತೂ ತಪ್ಪಿಸಿದವನಲ್ಲ.

ಹದಿನಾಲ್ಕು ವರ್ಷದ ಹಿಂದೆ ಪೊಕುಆ ಅಜ್ಜಿಯ ಮಗ ಕ್ವಾಮೆ ತಬಿರಿ ಹ್ಯಾಂಬರ್ಗಿನಲ್ಲಿ ತೀರಿಕೊಂಡ. ಹೆಣದ ಜೊತೆ ಅವನ ಸೀಕ್ವೆನ್ಸರೂ ಬಂತು. ಅದರೊಳಗೆ ಅವನು ಕಟ್ಟಿದ ಹನ್ನೊಂದು ಹೊಸ ಹಾಡು. ಕ್ಯಾಸೆಟ್ಟಿಗೆ ಹೋಗಿರಲಿಲ್ಲ, ಕಾಗದಕ್ಕೆ ಇಳಿದಿರಲಿಲ್ಲ, ಇನ್ನೆಲ್ಲೂ ಇರಲಿಲ್ಲ. ಸಮಾಧಿಯ ಬಳಿ ಅವನ್ನು ನುಡಿಸಬೇಕು ಎಂದು ತಾಯಿಯ ಆಸೆ. ಗುರುವಾರ ಅಜ್ಜಿ ಯಂತ್ರವನ್ನು ಬಟ್ಟೆಯಲ್ಲಿ ಸುತ್ತಿ ತಲೆಯ ಮೇಲೆ ಹೊತ್ತು ತಂದರು. ಬ್ಯಾಟರಿ ಮುಗಿಯುತ್ತಿದೆ ಎಂದು ಪರದೆಯ ಮೇಲೆ ಬರುತ್ತಿತ್ತು. ಅಜ್ಜಿ ಅಡುಸೆಗೆ ಹೇಳಿದರು, "ನನ್ನ ಮಗ ಒಳಗವನೆ ಕಣಪ್ಪ. ಜೋಪಾನ."

ಶುಕ್ರವಾರ ಮಧ್ಯಾಹ್ನ ಅಡುಸೆ ಎರಡನೆಯ ಬ್ಯಾಟರಿಯನ್ನು ಕೂರಿಸುವ ಗೂಡು ತರಲು ಹೊರಟ. "ನಾನು ಬರೋವರೆಗೆ ಮುಟ್ಟಬೇಡ," ಎಂದ.

"ಲೋ, ಯಂತ್ರ ಕರೆಂಟಿನಲ್ಲೇ ನಡೀತಿದೆ, ನೆನಪು ಎಲ್ಲಿಗೂ ಹೋಗಲ್ಲ. ಹಳೇದು ಕಿತ್ತು ಹೊಸದು ಹಾಕೋಕೆ ನನಗೆ ಒಂದು ನಿಮಿಷ ಸಾಕು," ಎಂದೆ.

"ಕರೆಂಟು ಹೋದರೆ?"

"ಇವತ್ತು ನಮ್ಮ ಬೀದಿಗೆ ಕರೆಂಟಿನ ದಿನ. ಪಟ್ಟಿ ನೋಡು."

ಆ ಕಾಲ ನಿಮಗೆ ನೆನಪಿದೆ. ಒಂದು ದಿನ ಕರೆಂಟು, ಒಂದು ದಿನ ಕತ್ತಲೆ. ನಾವೆಲ್ಲ ಆ ಪಟ್ಟಿ ನೋಡಿಕೊಂಡೇ ಮದುವೆಯ ಮೀನನ್ನೂ ಕೊಳ್ಳುತ್ತಿದ್ದೆವು. ನಾನು ಪಟ್ಟಿಯನ್ನು ಗೋಡೆಗೆ ಅಂಟಿಸಿದ್ದೆ. ಅಡುಸೆ ಒಮ್ಮೆ ಅದನ್ನು ನೋಡಿದ, ಒಮ್ಮೆ ನನ್ನನ್ನು ನೋಡಿದ, "ಮುಟ್ಟಬೇಡ," ಎಂದು ಇನ್ನೊಮ್ಮೆ ಹೇಳಿ ಹೋದ.

ನಾನು ಮುಟ್ಟಿದೆ.

ಹಳೆಯ ಬ್ಯಾಟರಿಯ ಬೆಸುಗೆ ಕರಗಿಸಿ ತೆಗೆದೆ. ಹೊಸದನ್ನು ಇಕ್ಕಳದಲ್ಲಿ ಹಿಡಿದಿದ್ದೆ — ಹೀಗೆ, ಈ ಎರಡು ಬೆರಳಿನ ನಡುವೆ. ಫ್ಯಾನು ನಿಂತಿತು. ನಿಂತದ್ದೆಷ್ಟು ಹೊತ್ತು? ನೀವು ಒಂದು ಸಲ ಸೀನುವಷ್ಟು. ಮತ್ತೆ ತಿರುಗಿತು. ಯಂತ್ರವೂ ಮತ್ತೆ ಎಚ್ಚೆತ್ತಿತು. ಪರದೆಯ ಮೇಲೆ ಹಾಡುಗಳ ಸಂಖ್ಯೆ ಇರುವ ಕಡೆ ಸೊನ್ನೆ.

ಅಡುಸೆ ಬಂದ. ಪರದೆ ನೋಡಿದ. ಚೀಲದಿಂದ ಬ್ಯಾಟರಿ ಗೂಡು ತೆಗೆದು ಬೆಂಚಿನ ಮೇಲಿಟ್ಟ. ನಾನು ಏನೋ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಬಾಗಿಲಲ್ಲಿ ಪೊಕುಆ ಅಜ್ಜಿ. "ಆಯ್ತಾ ಮಗಾ? ಒಂದು ಸಲ ಕೇಳಿಸು."

ಅಡುಸೆ ನನ್ನ ಮುಂದೆ ಬಂದು ನಿಂತ. "ಅಮ್ಮ, ನನ್ನ ಕೈಯಿಂದ ತಪ್ಪಾಯಿತು. ಹಾಡು ಹೋದವು," ಎಂದ.

ಅಜ್ಜಿ ಅಳಲಿಲ್ಲ. ಖಾಲಿ ಯಂತ್ರವನ್ನು ಬಟ್ಟೆಯಲ್ಲಿ ಸುತ್ತಿಕೊಂಡರು. "ನನ್ನ ಮಗನ್ನ ಎರಡು ಸಲ ಹೂಳೋ ಹಾಗೆ ಮಾಡಿದೆ ನೀನು," ಎಂದು ಹೊರಟುಹೋದರು.

ಆಮೇಲೆ ನಾನು ಕೇಳಿದೆ, "ಯಾಕೋ ಹಾಗಂದೆ?" ಅವನು ಹೇಳಿದ್ದು ಇಷ್ಟು — "ಅಂಗಡಿ ಬೋರ್ಡಿನ ಮೇಲೆ ಇರೋದು ನನ್ನ ಹೆಸರು. ನನ್ನನ್ನ ನಂಬಿ ತಂದರು."

ಆ ದಿನ ಹೆದರಿ ಸುಮ್ಮನಿದ್ದೆ ಎಂದರೆ ನೀವು ಕ್ಷಮಿಸುತ್ತಿದ್ದಿರೇನೋ. ನಾನು ಬರೀ ಸುಮ್ಮನಿರಲಿಲ್ಲ. ಸುದ್ದಿ ಹಬ್ಬಿದ ಮೇಲೆ ವಾದ್ಯದವರು ಅವನ ಕಡೆಯಿಂದ ಎದ್ದು ಬೆಂಚಿನ ಈಚೆಗೆ, ನನ್ನ ಕಡೆಗೆ ಬಂದರು. ನಾನು ಅವರ ಯಂತ್ರಗಳನ್ನು ತೆಗೆದುಕೊಂಡೆ. ಒಬ್ಬ ಕೇಳಿದ, "ನೀನಾಗಿದ್ದರೆ ಏನು ಮಾಡ್ತಿದ್ದೆ ಮಾಸ್ಟರ್?" ಅಡುಸೆ ಮೂರು ಅಡಿ ದೂರದಲ್ಲಿ ಬೆಸುಗೆ ಹಾಕುತ್ತಿದ್ದ. ನಾನು ಹೇಳಿದೆ, "ನಾನು ಮೊದಲು ಎರಡನೇ ಬ್ಯಾಟರಿ ಕಟ್ತಿದ್ದೆ ಅಷ್ಟೆ. ಮಕ್ಕಳಿಗೂ ಗೊತ್ತಿರೋ ವಿಷಯ."

ಅಡುಸೆ ಮಾಡಿದ್ದು ಬೇರೆ. ಆ ವರ್ಷದಿಂದ ಅವನ ಕೈಗೆ ಬಂದ ಒಂದೊಂದು ಸೀಕ್ವೆನ್ಸರಿಗೂ ಹಿಂಬದಿ ಕೊರೆದು ಎರಡು ಬ್ಯಾಟರಿಯ ಗೂಡು ಕೂಡಿಸಿದ. ಒಂದನ್ನು ಕಿತ್ತರೂ ಇನ್ನೊಂದು ನೆನಪನ್ನು ಕಾಯುತ್ತದೆ. ಒಂದು ಕೆಂಪು ದೀಪವನ್ನೂ ಇಟ್ಟ, ಬ್ಯಾಟರಿ ಸೋಲುವ ಮೊದಲೇ ಹೊತ್ತಿಕೊಳ್ಳಲಿ ಎಂದು. ಗಿರಾಕಿ ಕೇಳಿರಲಿ ಬಿಡಲಿ, ಅದನ್ನು ಮಾಡದೆ ಯಂತ್ರವನ್ನು ವಾಪಸು ಕೊಡುತ್ತಿರಲಿಲ್ಲ. ನಾನು ಗೇಲಿ ಮಾಡಿದೆ, "ಯಾರಿಗೋಸ್ಕರ ಇಷ್ಟು ಕಷ್ಟ?" ಅವನೆಂದ, "ಅವಸರದ ಕೈಗೆ." ಕುಮಾಸಿಯ ಅರ್ಧ ಚರ್ಚುಗಳ ವಾದ್ಯಗಳು ಇಂದಿಗೂ ತಮ್ಮ ಹಾಡು ಮರೆಯದೆ ಇರುವುದು ಆ ಗೂಡುಗಳಿಂದ.

ಆ ಹನ್ನೊಂದು ಹಾಡನ್ನು ಅವನಿಂದ ವಾಪಸು ತರಲಾಗಲಿಲ್ಲ. ಅಲ್ಲಿಂದ ಹೋದದ್ದು ಬರುವುದಿಲ್ಲ. ಅದಕ್ಕೆ ಸಮಾಧಾನ ಹೇಳುವ ಮಾತು ಯಾವ ಭಾಷೆಯಲ್ಲಿದೆಯೋ ನನಗೆ ಗೊತ್ತಿಲ್ಲ.

ಪೊಕುಆ ಅಜ್ಜಿ — ಹಾಡು ಅಳಿಸಿದ್ದು ನಾನು. ಅಡುಸೆಯ ಕೈ ಆ ಯಂತ್ರದೊಳಗೆ ಹೋಗಲೇ ಇಲ್ಲ. ನನ್ನನ್ನು ಕ್ಷಮಿಸಿ ಎಂದು ಕೇಳಲಾರೆ. ಅವನನ್ನು ಬಿಟ್ಟುಬಿಡಿ ಎಂದಷ್ಟೇ ಕೇಳುತ್ತೇನೆ. ದುಫಿಯೆ ಅಮ್ಮ, ನಿಮಗೂ ಅವನು ಹೇಳಿರಲಿಲ್ಲ ಎಂದು ನಿಮ್ಮ ಮುಖ ನೋಡಿದರೆ ತಿಳಿಯುತ್ತದೆ.

ಇನ್ನು ಎಲ್ಲರೂ ಎದ್ದು ನಿಂತು ಅವನಿಗಾಗಿ ಒಂದಿಷ್ಟು ಹೊತ್ತು ಮೌನವಾಗಿರಬೇಕೆಂದು ಕೇಳುವುದು ನನ್ನ ಪಾಲಿನ ಕೆಲಸ. ಆದರೆ ಈ ಸಭೆಯಲ್ಲಿ ಮೊದಲು ಏಳಬೇಕಾದವರು ಒಬ್ಬರಿದ್ದಾರೆ. ಅವರು ಏಳದಿದ್ದರೆ ಏಳಿ ಎನ್ನುವ ಹಕ್ಕು ನನಗಿಲ್ಲ. ನಾವು ಕುಳಿತೇ ಇರೋಣ —

ಅಜ್ಜಿ ಏನೋ ಹೇಳುತ್ತಿದ್ದಾರೆ. ತಡೆಯಿರಿ, ಹಿಂದಿನವರಿಗೆ ಕೇಳಿಸಿಲ್ಲ, ನಾನೇ ಹೇಳುತ್ತೇನೆ. "ಬೆದಿಯಾಕೊ, ಇನ್ನು ಬಾಯಿ ಮುಚ್ಚು," ಅಂದರು.

ಅಜ್ಜಿ ಎದ್ದಿದ್ದಾರೆ.

ಎಲ್ಲರೂ ಏಳಿ.